ಹನ್ನೆರಡನೆಯ ತಪ್ಪು

ಟಿಣ್.

ಬೆಳಗಿನ ಜಾವ ಮೂರೂವರೆ. ಬೀದಿನಾಯಿಗಳೂ ದಣಿದು ಮಲಗಿರುವ ಹೊತ್ತು. ಬಟ್ಟೆಯ ಕಪಾಟಿನೊಳಗೆ ಸಣ್ಣ ಸ್ಟೂಲಿನ ಮೇಲೆ ಕೂತ ಹೆಂಗಸು ಓದುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮತ್ತೆ ಟಿಣ್, ಟಿಣ್. ಪಕ್ಕದ ಕೋಣೆಯಲ್ಲಿ ಎಂಬತ್ತೆರಡು ವರ್ಷದ ತಾಯಿಗೆ ಎಚ್ಚರವಾಗಿದೆ. ಬೆರಳಿನ ಉಂಗುರದಿಂದ ಮಂಚದ ಕಬ್ಬಿಣದ ಸರಳನ್ನು ತಟ್ಟುತ್ತಿದ್ದಾರೆ.

ಕಪಾಟಿನೊಳಗಿನವರು ಮೈಕಿನ ಮುಂದೆ ಎರಡು ಸಲ ಚಪ್ಪಾಳೆ ಹೊಡೆಯುತ್ತಾರೆ. ಯಾರನ್ನೂ ಮೆಚ್ಚಿ ಹೊಡೆದ ಚಪ್ಪಾಳೆಯಲ್ಲ. ಆ ಸದ್ದು ಕಂಪ್ಯೂಟರಿನ ತೆರೆಯ ಮೇಲೆ ಎರಡು ಮುಳ್ಳುಗಳಂತೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಬೆಳಗಾದ ಮೇಲೆ ಬೇಡದ್ದನ್ನು ಕತ್ತರಿಸಲು ಕೂತಾಗ ಮುಳ್ಳು ಕಂಡ ಜಾಗವನ್ನು ಮಾತ್ರ ನೋಡಿದರೆ ಸಾಕು. ಇಡೀ ಧ್ವನಿಮುದ್ರಣವನ್ನು ಮತ್ತೆ ಕೇಳುತ್ತ ಕೂತರೆ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಸಾಲದು.

"ಮುಳ್ಳಿದ್ದ ಕಡೆ ಕತ್ತರಿ. ಇಲ್ಲದ ಕಡೆ ಕೈ ಹಾಕಲ್ಲ. ಒಂಬತ್ತು ವರ್ಷದಿಂದ ಇದೇ ಲೆಕ್ಕ" ಎನ್ನುತ್ತಾರೆ ಅವರು, ಕಪಾಟಿನಿಂದ ಹೊರಗೆ ಕಾಲಿಡುತ್ತ.

ಐವತ್ತನಾಲ್ಕು ವರ್ಷದ ಇವರು ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಾರೆ; ಕಣ್ಣಿಗೆ ಬಿಡುವಿಲ್ಲದವರು, ಕಣ್ಣು ಸೋತವರು, ಬಸ್ಸಿನಲ್ಲಿ ನಿಂತವರು, ಅಡುಗೆಮನೆಯಲ್ಲಿ ಕೈ ಒದ್ದೆಯಾದವರು ಅದನ್ನು ಫೋನಿನಲ್ಲಿ ಕೇಳುತ್ತಾರೆ. ಇದುವರೆಗೆ ಓದಿದ್ದು ನೂರ ಅರವತ್ತಮೂರು ಪುಸ್ತಕ, ಸಾವಿರದ ನಾನೂರು ಗಂಟೆಗೆ ಸ್ವಲ್ಪ ಕಡಿಮೆ. ಪ್ರತಿ ಪುಸ್ತಕದ ಕೊನೆಯಲ್ಲಿ 'ಓದಿದವರು' ಎಂದು ತಮ್ಮ ಹೆಸರನ್ನು ತಾವೇ ಹೇಳುತ್ತಾರೆ. ಅದಕ್ಕೆ ಸಿಗುವುದು ನಾಲ್ಕು ಸೆಕೆಂಡು. ಅಷ್ಟರೊಳಗೆ ಕೇಳುವವರು ಫೋನ್ ಆರಿಸಿರುತ್ತಾರೆ.

ಆದರೂ ಗುರುತು ಹಿಡಿದವರು ಇಲ್ಲದಿಲ್ಲ. ಒಮ್ಮೆ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು "ಮುಂದಿನ ಗುರುವಾರ ಡಾಕ್ಟರು ಸಿಗ್ತಾರಾ?" ಎಂದು ಕೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಒಬ್ಬ ಗಂಡಸು ಎದ್ದು ಬಂದ. ಹತ್ತಿರ ನಿಂತು, ಕಣ್ಣರಳಿಸಿ, ಇಡೀ ಸಾಲಿಗೆ ಕೇಳುವ ಹಾಗೆ, "ನೀವು ಕಿಡ್ನಿ ಕಲ್ಲು ಅಲ್ವಾ?" ಎಂದ.

"ಹೌದಪ್ಪಾ, ನಾನೇ ಕಿಡ್ನಿ ಕಲ್ಲು ಅಂದೆ. ಇನ್ನೇನ್ ಹೇಳ್ಲಿ? ಅವನಿಗೆ ಕೈ ಮುಗಿಯೋದೊಂದೇ ಬಾಕಿ."

ಅವರ ಬಳಿ ಗೆರೆ ಹಾಕಿದ ಒಂದು ನೋಟ್‌ಬುಕ್ ಇದೆ. ಓದಿದ ಪುಸ್ತಕಗಳ ಪಟ್ಟಿ ಅದರಲ್ಲಿ. ಮೂತ್ರಪಿಂಡದ ಕಲ್ಲಿನ ಕೆಳಗೆ ಒಂದು ಪ್ರೇಮಕಾದಂಬರಿ, ಅದರ ಕೆಳಗೆ ಮನೆಯ ವಿದ್ಯುತ್ ರಿಪೇರಿ, ಆಮೇಲೆ ಉಯಿಲು ಬರೆಯುವುದು ಹೇಗೆ, ಜೇನು ಸಾಕುವುದು ಹೇಗೆ, ಸಮುದ್ರದಲ್ಲಿ ದಾರಿ ತಪ್ಪಿದ ಹಡಗಿನ ಕಥೆ, ಚಿಕ್ಕ ಮಕ್ಕಳಿಗೆ ಮುಳ್ಳುಹಂದಿಯ ನಾಲ್ಕು ಸಾಹಸ, ಹದಿನಾಲ್ಕು ಪತ್ತೇದಾರಿ ಕಾದಂಬರಿ, ಚದುರಂಗದ ಆರಂಭಿಕ ಪಾಠ, ಉಪ್ಪಿನ ಇತಿಹಾಸ. ಈ ವಾರ ಭೂಕಂಪ. ಮುಂದಿನ ವಾರ ಮೊದಲ ಸಲ ತಾಯಿಯಾಗುವವರಿಗೆ ಮೊಲೆಹಾಲಿನ ಕೈಪಿಡಿ.

ಪ್ರತಿ ಹೆಸರಿನ ಎದುರು ಪೆನ್ಸಿಲಿನಲ್ಲಿ ಧ್ವನಿಯ ಗುರುತು. 'ತೋಟದ ಮಾಲಿ: ನಮ್ಮ ಅಂಚೆಯವನು, ಅರ್ಧ ನಿಧಾನ.' 'ಮುಳ್ಳುಹಂದಿಯ ಅಜ್ಜಿ: ದರ್ಜಿಯ ಹೆಂಡತಿ, ಬಾಯಲ್ಲಿ ಗುಂಡುಸೂಜಿ ಇದ್ದಾಗ.' ಕಥೆಯಲ್ಲಿ ಬರುವವರಿಗೆಲ್ಲ ಅವರು ಬೀದಿಯಿಂದಲೇ ಗಂಟಲು ಸಾಲ ತರುತ್ತಾರೆ. ಹಲ್ಲಿನ ಡಾಕ್ಟರರ ಮೆತ್ತಗಿನ ಮಾತು ಮೂರು ಪತ್ತೇದಾರಿ ಪುಸ್ತಕಗಳಲ್ಲಿ ಕೊಲೆಗಾರನ ಪಾಲಾಗಿದೆ. "ಪಾಪ, ಅವರಿಗೆ ಗೊತ್ತಿಲ್ಲ. ನನ್ನ ಬಾಯಿ ತೆಗೆಸಿ ಒಳಗೆ ನೋಡ್ತಾ ಇರ್ತಾರೆ, ಒಳಗಿರೋದು ಅವರದೇ ದನಿ."

ತಂತ್ರ ಗೊತ್ತಿಲ್ಲದವರಿಗೆ ಇದು ಕೂತು ಓದುವ ಸುಖದ ಕೆಲಸ. ಹತ್ತಿರದಿಂದ ನೋಡಿದರೆ ಬೇರೆ. ಕಪಾಟಿನಲ್ಲಿ ದಪ್ಪ ಕೋಟುಗಳೂ ಕಂಬಳಿಗಳೂ ನೇತಾಡುತ್ತವೆ, ದನಿ ಗೋಡೆಗೆ ಬಡಿದು ಮರಳಬಾರದೆಂದು. ಬಾಗಿಲು ಹಾಕಿದರೆ ಗಾಳಿ ಇಲ್ಲ. ಫ್ಯಾನು ಕೂಡದು. ನೈಲಾನ್ ಬಟ್ಟೆ ಸರಗುಟ್ಟುತ್ತದೆ, ಆದ್ದರಿಂದ ಹಳೆಯ ಹತ್ತಿಯ ಅಂಗಿ. ಕಿವಿಯೋಲೆ ಬಿಚ್ಚಬೇಕು. ಖಾಲಿ ಹೊಟ್ಟೆ ಗುರುಗುಟ್ಟುತ್ತದೆ, ತುಂಬಿದ ಹೊಟ್ಟೆ ಇನ್ನೂ ಜೋರು, ಆದ್ದರಿಂದ ಎರಡು ತುಂಡು ಬ್ರೆಡ್ಡು. ತುಟಿ ಅಂಟಿಕೊಂಡು ಚಿಟಕ್ ಎನ್ನಬಾರದೆಂದು ಹುಳಿ ಸೇಬಿನ ಒಂದು ಹೋಳು. ಫ್ರಿಜ್ಜಿನ ಗುಂಯ್‌ಗಾಟ ಗೋಡೆ ದಾಟಿ ಬರುವುದರಿಂದ ಅದನ್ನೂ ಆರಿಸುತ್ತಾರೆ. ಮತ್ತೆ ಹಾಕಲು ಮರೆತು ಎರಡು ಸಲ ಹಾಲು ಒಡೆದ ಮೇಲೆ ಒಂದು ಉಪಾಯ ಕಂಡುಕೊಂಡರು: ಫ್ರಿಜ್ ಆರಿಸಿದ ಕೂಡಲೇ ಮನೆಯ ಬೀಗದ ಕೈಯನ್ನು ಅದರೊಳಗೆ ಇಟ್ಟುಬಿಡುತ್ತಾರೆ. ಕೈ ಇಲ್ಲದೆ ಬಾಗಿಲು ದಾಟುವಂತಿಲ್ಲ. ಕೈ ಬೇಕಾದರೆ ಫ್ರಿಜ್ ತೆರೆಯಲೇಬೇಕು.

ಇಷ್ಟೆಲ್ಲ ಆಗಿ, ಎರಡೂವರೆ ಗಂಟೆ ಕಪಾಟಿನಲ್ಲಿ ಬೆವರಿದರೆ ಕೈಗೆ ಸಿಗುವುದು ಅರ್ಧ ಗಂಟೆಯ ಓದು. ಆರು ಗಂಟೆಗೆ ಹಾಲಿನ ಗಾಡಿ ಬರುತ್ತದೆ, ಅಲ್ಲಿಗೆ ಅಂಗಡಿ ಮುಚ್ಚಿದಂತೆ. ಹಗಲಿನಲ್ಲಿ ಯಾರಾದರೂ ಮೆಟ್ಟಿಲ ಮೇಲೆ ಧಡಧಡ ಇಳಿದರೆ ಕಿಟಕಿಯಿಂದ ತಲೆ ಹೊರಹಾಕಿ 'ಶ್!' ಎನ್ನುವುದು ಅಭ್ಯಾಸವಾಗಿಹೋಗಿದೆ. ಕಟ್ಟಡದ ಮಕ್ಕಳು ಇಟ್ಟ ಹೆಸರು 'ಶ್ ಆಂಟಿ'. ಎದುರು ಮನೆಯಾಕೆ ಕೂಡ ಮರೆತು ಒಮ್ಮೆ ಹಾಗೇ ಕರೆದುಬಿಟ್ಟರಂತೆ.

ಅವರಿಗೆ ಓದಿನ ನಂಟು ಹಳೆಯದು. ಇಪ್ಪತ್ತಾರನೆಯ ವಯಸ್ಸಿಗೆ ಒಂದು ಅಚ್ಚುಮನೆ ಸೇರಿದರು. ಕರಡು ತಿದ್ದುವವರ ಪಕ್ಕದಲ್ಲಿ ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ. ಕಾನೂನು, ಟೆಂಡರು, ಪಠ್ಯಪುಸ್ತಕ, ಏನಿದ್ದರೂ ಸರಿ, ಅಲ್ಪವಿರಾಮ, ಪೂರ್ಣವಿರಾಮ, ಆವರಣ ಚಿಹ್ನೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಹದಿನೇಳು ವರ್ಷ ಹಾಗೆ ಓದಿದರು. ಅಚ್ಚುಮನೆಯ ಯಜಮಾನರದು ಒಂದೇ ಪಾಠ: ಇದ್ದದ್ದನ್ನು ಇದ್ದ ಹಾಗೆ ಓದು, ನಿನ್ನದೊಂದು ಅಕ್ಷರ ಸೇರಿಸಬೇಡ.

ರಾತ್ರಿ ಪಾಳಿ ಇದ್ದ ದಿನ ಮನೆ ಮುಟ್ಟುವಾಗ ಹನ್ನೊಂದು ದಾಟುತ್ತಿತ್ತು. ತಾಯಿ ದೀಪ ಆರಿಸಿ ಮಲಗಿರುತ್ತಿದ್ದರು. ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದರೆ ಕತ್ತಲಿನಿಂದಲೇ ದನಿ: "ಬಂದ್ಯಾ? ಬಾಗಿಲು ಹಾಕ್ದ್ಯಾ?" ಕಣ್ಣು ಕೂಡ ತೆರೆಯುತ್ತಿರಲಿಲ್ಲ. ಹಾಕಿದೆ ಎಂಬ ಉತ್ತರ ಕೇಳುವ ಮೊದಲೇ ನಿದ್ದೆ. ಹದಿನೇಳು ವರ್ಷ ಆ ಮನೆಯ ಬಾಗಿಲಿಗೆ ಅಗುಳಿಯ ಜೊತೆ ಆ ಮಾತೂ ಬೀಳುತ್ತಿತ್ತು.

ಅಚ್ಚುಮನೆ ಮುಚ್ಚಿತು. ಎರಡು ವರ್ಷ ಅಲ್ಲಿ ಇಲ್ಲಿ ಬೆರಳಚ್ಚು ಮಾಡಿದ ಮೇಲೆ, ಪುಸ್ತಕಗಳ ಧ್ವನಿಮುದ್ರಣ ಮಾಡಿಸುವ ಸಂಸ್ಥೆಯೊಂದು ಓದುವವರನ್ನು ಹುಡುಕುತ್ತಿದೆ ಎಂದು ಕೇಳಿ ಹೋದರು. ಪರೀಕ್ಷೆಗೆ ಒಂದು ಪುಟ ಕೊಟ್ಟರು. ನದಿ, ಸಂಜೆ, ಪ್ರೇಮಿಗಳು. ತುಂಬ ಚೆನ್ನಾಗಿ ಓದುತ್ತ ಹೋಗಿ, ನಾಯಕಿ ಕಣ್ಣೀರು ಒರೆಸಿಕೊಂಡ ವಾಕ್ಯ ಮುಗಿದ ಕೂಡಲೇ, ಅದೇ ಗದ್ಗದ ದನಿಯಲ್ಲಿ, "ಪೂರ್ಣವಿರಾಮ" ಎಂದುಬಿಟ್ಟರು. ಗಾಜಿನ ಆಚೆ ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲಸ ಸಿಕ್ಕಿತು.

ಹಾಗೆ ನಕ್ಕವರಲ್ಲಿ ಒಬ್ಬರು ಇಂದಿಗೂ ಅವರ ಜೊತೆಗಾರ. ಓದಿ ಕಳಿಸಿದ್ದನ್ನು ಪುಸ್ತಕದೊಡನೆ ಹೋಲಿಸಿ ಕೇಳಿ, ತಪ್ಪುಗಳ ಪಟ್ಟಿ ಮಾಡುವುದು ಅವರ ಕೆಲಸ. ಸಂಸ್ಥೆಯಲ್ಲಿ ಎಲ್ಲರೂ ಕಿವಿಯಣ್ಣ ಎನ್ನುತ್ತಾರೆ. ಅರವತ್ತು ದಾಟಿದ ಒಂಟಿ ಮನುಷ್ಯ. ಅವರ ಪಟ್ಟಿ ಹೀಗಿರುತ್ತದೆ: 'ಮೂರನೆಯ ನಿಮಿಷ, ಹೊಟ್ಟೆ ಮಾತಾಡಿದೆ.' 'ನಲವತ್ತನೆಯ ನಿಮಿಷ, ದೂರದಲ್ಲಿ ಹಕ್ಕಿ. ಪುಸ್ತಕದಲ್ಲಿ ಹಕ್ಕಿ ಇಲ್ಲ.' 'ಕೊಲೆಗಾರ ಯಾರೆಂದು ಎರಡನೆಯ ಅಧ್ಯಾಯದಲ್ಲೇ ಗೊತ್ತಾಯಿತು. ದಯವಿಟ್ಟು ಹಲ್ಲಿನ ಡಾಕ್ಟರನ್ನು ಬಿಟ್ಟುಬಿಡಿ.'

ಆ ಕಿವಿಗೆ ರಜೆ ಇಲ್ಲ. ಮೇಲಿನ ಮನೆಯ ನಲ್ಲಿ ತೊಟ್ಟಿಕ್ಕಿದರೂ ಎಚ್ಚರವಾಗುತ್ತದಂತೆ. "ಮೂರು ವರ್ಷ ಆಯ್ತು ಮೇಡಂ, ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿ" ಎಂದು ಫೋನಿನಲ್ಲಿ ಗೊಣಗುತ್ತಾರೆ. "ನನ್ನ ಉಪ್ಪಿನ ಇತಿಹಾಸ ಕೇಳಿ, ಬರುತ್ತೆ" ಎಂದು ಇವರು. "ಕೇಳ್ದೆ. ಹದಿನಾರು ತಪ್ಪಿತ್ತು. ಬಂದ ನಿದ್ದೇನೂ ಹೋಯ್ತು."

ಆದರೆ ಕಿವಿಯಣ್ಣನ ಕೈಗೂ ಸಿಗದ ತಪ್ಪೊಂದನ್ನು ಇವರೇ ಹಿಡಿದುಕೊಟ್ಟದ್ದುಂಟು. ಕಿಡ್ನಿ ಕಲ್ಲಿನ ಪುಸ್ತಕದಲ್ಲಿ ದಿನಕ್ಕೆ ಎರಡೂವರೆ ಲೀಟರ್ ನೀರು ಎಂದಿದ್ದ ಕಡೆ ಒಂದೂವರೆ ಎಂದು ಓದಿದ್ದರು. ಪುಸ್ತಕ ಹೊರಬಂದು ತಿಂಗಳಾದ ಮೇಲೆ ಪಾತ್ರೆ ತೊಳೆಯುತ್ತ ಕೇಳುವಾಗ ಅದು ಕಿವಿಗೆ ಬಿತ್ತು. ಕೈಯ ಸೋಪು ತೊಳೆದುಕೊಳ್ಳದೆ ಫೋನ್ ಮಾಡಿದರು. ಪುಸ್ತಕವನ್ನು ಒಂಬತ್ತು ದಿನ ಹಿಂದಕ್ಕೆ ಪಡೆದರು, ಅಧ್ಯಾಯವನ್ನು ಇವರು ಮತ್ತೆ ಓದಿಕೊಟ್ಟರು. "ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದರು ಕಿವಿಯಣ್ಣ. "ನನಗೆ ಗೊತ್ತಾಯ್ತಲ್ಲ ಅಣ್ಣಾ." ಅಂದಿನಿಂದ ಸಂಸ್ಥೆಯಲ್ಲಿ ಇವರಿಗೆ ಈ ಹೆಸರು: ತನ್ನ ತಪ್ಪನ್ನು ತಾನೇ ಒಪ್ಪಿಸುವ ಹೆಂಗಸು. ಬೇರೆ ಯಾವ ಹೊಗಳಿಕೆಯನ್ನೂ ನೆನಪಿಟ್ಟುಕೊಳ್ಳದ ಅವರು ಇದನ್ನು ಮಾತ್ರ ಎರಡು ಸಲ ಹೇಳುತ್ತಾರೆ.

ತಾಯಿ ಹಿಂದೆ ಶಾಲೆಯಲ್ಲಿ ಟೀಚರು. ಎರಡು ವರ್ಷದಿಂದ ನೆನಪು ಒಂದೊಂದಾಗಿ ಜಾರುತ್ತಿದೆ. ಮೊದಲು ಬೀದಿ ಹೋಯಿತು, ಆಮೇಲೆ ವಾರದ ದಿನಗಳು. ಒಂದು ಬೆಳಿಗ್ಗೆ ಮಗಳು ತಲೆ ಬಾಚಲು ಕೂತಾಗ, "ನರ್ಸಮ್ಮಾ, ನಿಮ್ಮನೇಲಿ ಯಾರ್ ಯಾರಿದ್ದಾರೆ?" ಎಂದು ಕೇಳಿದರು. ಮಗಳು ಬಾಚಣಿಗೆ ಹಿಡಿದ ಕೈಯನ್ನು ನಿಲ್ಲಿಸಲಿಲ್ಲ. "ಅಮ್ಮ ಇದ್ದಾರೆ" ಎಂದರು.

"ಅಮ್ಮನ್ನ ಚೆನ್ನಾಗಿ ನೋಡ್ಕೊಳ್ತೀರಾ?"

"ನೋಡ್ಕೊಳ್ತೀನಿ. ಸ್ವಲ್ಪ ಹಟ ಜಾಸ್ತಿ."

"ವಯಸ್ಸಾದವರು ಹಾಗೇನೇ" ಎಂದು ತಾಯಿ ಸಮಾಧಾನ ಹೇಳಿದರು.

ಮುಖ ಮರೆತುಹೋದರೂ ತಾಯಿಗೆ ಪುಸ್ತಕದ ದನಿ ಬೇಕು. ರಾತ್ರಿ ಎಚ್ಚರವಾದಾಗಲೆಲ್ಲ ಫೋನನ್ನು ಬಹಳ ಸಣ್ಣಗೆ ಹಚ್ಚಿ ದಿಂಬಿನ ಕೆಳಗೆ ಇಡಬೇಕು. ಕಾದಂಬರಿ ಆಗದು, "ಎಲ್ಲಾ ಸುಳ್ಳು." ಮನೆಯ ವಿದ್ಯುತ್ ರಿಪೇರಿ ಬಹಳ ಇಷ್ಟ. ಫ್ಯೂಸ್ ಹೋದಾಗ ಮಾಡಬೇಕಾದ ಐದು ಕೆಲಸ ಅವರಿಗೆ ಬಾಯಿಪಾಠವಾಗಿದೆ. ಊಟ ಮಾಡಿದೆನೋ ಇಲ್ಲವೋ ಎಂಬುದು ಮಾತ್ರ ನೆನಪಿಲ್ಲ. ಟೀಚರ ಕಿವಿ ಇನ್ನೂ ಚುರುಕು. "ಅಲ್ಲಿ ಉಸಿರು ತಗೋಬಾರ್ದಿತ್ತು" ಎಂದು ಕತ್ತಲಲ್ಲೇ ತಿದ್ದುತ್ತಾರೆ. ಮರುಕ್ಷಣ, "ಆದ್ರೂ ಚೆನ್ನಾಗಿ ಓದ್ತಾಳೆ ಆ ಹುಡುಗಿ. ಯಾರ ಮಗಳೋ ಏನೋ."

ಬಾಗಿಲ ಬಳಿ ನಿಂತ ಮಗಳು ಈ ಮಾತನ್ನು ಎಷ್ಟು ರಾತ್ರಿ ಕೇಳಿದ್ದಾರೋ ಲೆಕ್ಕವಿಟ್ಟಿಲ್ಲ. "ನಾನು ಪಾಸಾದ್ರೂ ಹೊಗಳದ ಟೀಚರು ಅವರು. ಈಗ ದಿನಾ ಹೊಗಳ್ತಾರೆ. ನಾನಂತ ಗೊತ್ತಾದ್ರೆ ನಿಲ್ಲಿಸಿಬಿಡ್ತಾರೇನೋ" ಎಂದು ನಗುತ್ತಾರೆ. ನಗುವಾಗ ಅವರ ಕೈ ಮೇಜಿನ ಮೇಲಿದ್ದ ಸೇಬಿನ ಹೋಳನ್ನು ಸುಮ್ಮನೆ ತಿರುಗಿಸುತ್ತಿರುತ್ತದೆ. "ಎಷ್ಟೋ ಸಲ ಹೇಳಿದ್ದೀನಿ, ಅಮ್ಮಾ ಅದು ನಾನೇ ಅಂತ. 'ಸುಮ್ನಿರಿ ನರ್ಸಮ್ಮಾ, ನೀವೂ ಸ್ವಲ್ಪ ಹಾಗೆ ಓದೋದು ಕಲೀರಿ' ಅಂತಾರೆ."

ಅವರಿಗಿರುವುದು ಒಂದೇ ಆಸೆ. ಪ್ರಶಸ್ತಿ ಬೇಡ, ದೊಡ್ಡ ಸ್ಟುಡಿಯೋ ಬೇಡ. "ಒಂದ್ಸಲ, ಒಂದೇ ಒಂದ್ಸಲ, ಅಮ್ಮ ನನ್ನನ್ನ ನಾನು ಅಂತ ತಿಳ್ಕೊಂಡು ಮಾತಾಡ್ಲಿ. ಬೈದ್ರೂ ಸರಿ."

ಮುಂದಿನದನ್ನು ಅವರು ಒಂದು ಷರತ್ತಿನ ಮೇಲೆ ಹೇಳುತ್ತಾರೆ. ತನ್ನ ಹೆಸರು ಬರಬಾರದು. ಪುಸ್ತಕ ಯಾವುದೆಂದು ಕೇಳಬಾರದು.

ಕಳೆದ ವಾರದ ಒಂದು ರಾತ್ರಿ. ಟಿಣ್ ಟಿಣ್ ಕೇಳಿ ಎದ್ದರು, ಈಗಾಗಲೇ ಹೊರಬಂದ ತನ್ನ ಪುಸ್ತಕಗಳಲ್ಲೊಂದನ್ನು ದಿಂಬಿನ ಕೆಳಗೆ ಹಚ್ಚಿದರು, ನೀರಿನ ಲೋಟ ಹಿಡಿದು ನಿಂತರು. ಅದು ಕಥೆಯ ಪುಸ್ತಕವಲ್ಲ. ಅದರಲ್ಲಿ ತಾಯಿಯಿಲ್ಲ, ಮಗಳಿಲ್ಲ, ಮಲಗುವ ಮಾತೇ ಇಲ್ಲ. ದನಿ ಸಮವಾಗಿ ಓದುತ್ತ ಹೋಯಿತು. ತಾಯಿಯ ಉಂಗುರ ಸರಳನ್ನು ತಟ್ಟುತ್ತಲೇ ಇತ್ತು. ಎರಡು ವಾಕ್ಯಗಳ ನಡುವೆ, ಅದೇ ಓದಿನ ದನಿ, ಯಾವ ಅವಸರವೂ ಇಲ್ಲದೆ, ಹೇಳಿತು:

"ಇಲ್ಲೇ ಇದ್ದೀನಿ ಅಮ್ಮಾ. ಮಲಕ್ಕೋ."

ಆಮೇಲೆ ಮುಂದಿನ ವಾಕ್ಯ.

ಮಗಳು ಲೋಟವನ್ನು ಕೆಳಗಿಟ್ಟರು. ಆಗಿದ್ದೇನೆಂದು ಕೂಡಲೇ ಹೊಳೆಯಿತು. ಆ ಪುಸ್ತಕ ಓದುತ್ತಿದ್ದ ಒಂದು ಜಾವ ಉಂಗುರದ ಸದ್ದು ಬಂದಾಗ ಏಳಲಾರದಷ್ಟು ದಣಿವು. ಚಪ್ಪಾಳೆ ಹೊಡೆಯದೆ, ಕೂತಲ್ಲಿಂದಲೇ, ಓದುವ ದನಿಯಲ್ಲೇ ಅಷ್ಟು ಹೇಳಿ ಮುಂದಕ್ಕೆ ಓದಿದ್ದರು. ಪಕ್ಕದ ಕೋಣೆ ಸುಮ್ಮನಾಗಿತ್ತು. ಮುಳ್ಳಿಲ್ಲದ ಕಡೆ ಕತ್ತರಿ ಆಡಲಿಲ್ಲ. ಒಂದಕ್ಷರವನ್ನೂ ಸೇರಿಸದ ಹೆಂಗಸಿನ ನಾಲ್ಕು ಪದ ಪುಸ್ತಕದೊಳಗೆ ಹೋಗಿ, ಅಚ್ಚುಕಟ್ಟಾಗಿ ಕೂತು, ಏಳು ತಿಂಗಳಿಂದ ಮನೆ ಮನೆಯಲ್ಲಿ ಕೇಳುತ್ತಿತ್ತು.

ಅಷ್ಟರಲ್ಲಿ ಮಂಚದ ಸದ್ದು ನಿಂತಿತು. ಕತ್ತಲಿನಿಂದ ತಾಯಿಯ ದನಿ, ನಿದ್ದೆಗೆ ಅರ್ಧ ಜಾರಿದ ದನಿ, ಬಂತು.

"ಬಂದ್ಯಾ? ಬಾಗಿಲು ಹಾಕ್ದ್ಯಾ?"

ಮಗಳು ಹಾಕಿದೆ ಎನ್ನುವಷ್ಟರಲ್ಲಿ ತಾಯಿಗೆ ನಿದ್ದೆ ಬಂದಿತ್ತು.

ಮರುದಿನ ರಾತ್ರಿ ಅವರು ಮಂಚದ ಪಕ್ಕ ಕೂತು, ಅದೇ ಮಾತನ್ನು, ಅದೇ ದನಿಯಲ್ಲಿ, ತಾವೇ ಹೇಳಿ ನೋಡಿದರು. "ನೀವ್ಯಾಕೆ ಇಷ್ಟೊತ್ತಲ್ಲಿ ಬಂದ್ರಿ ನರ್ಸಮ್ಮಾ? ಹೋಗಿ ಮಲಗಿ" ಎಂದರು ತಾಯಿ. ಮೂರನೆಯ ರಾತ್ರಿ ಪುಸ್ತಕ ಹಚ್ಚಿದರು. ಆ ಜಾಗ ಬಂತು. "ಬಂದ್ಯಾ? ಬಾಗಿಲು ಹಾಕ್ದ್ಯಾ?"

"ನನಗಿಂತ ಆ ಹುಡುಗಿ ಮೇಲೇ ನಂಬಿಕೆ" ಎನ್ನುತ್ತಾರೆ. ಈ ಮಾತಿಗೆ ಅವರು ನಗುವುದಿಲ್ಲ.

ನಂಬಿಕೆ ಒಂದು ಕಡೆ, ತಪ್ಪು ಒಂದು ಕಡೆ. ಹೊರಬಂದ ಪುಸ್ತಕದಲ್ಲಿ ತಪ್ಪು ಕಂಡರೆ ತುಂಬಿಸಬೇಕಾದ ಒಂದು ಫಾರಂ ಇದೆ. ಪುಸ್ತಕದ ಹೆಸರು, ಅಧ್ಯಾಯ, ನಿಮಿಷ, ತಪ್ಪಿನ ವಿವರ. ಕಳಿಸಿದರೆ ಪುಸ್ತಕ ಹಿಂದಕ್ಕೆ ಬರುತ್ತದೆ, ಆ ನಾಲ್ಕು ಪದ ಹೋಗುತ್ತದೆ. ಮನೆಯಲ್ಲಿ ತಮಗೊಂದು ಪ್ರತಿ ಇಟ್ಟುಕೊಳ್ಳಬಹುದು, ಅದು ಕಷ್ಟವಲ್ಲ. ಕಷ್ಟ ಬೇರೆ ಕಡೆ ಇತ್ತು. ಫಾರಂನ ಮೊದಲ ಮೂರು ಮನೆಗಳನ್ನು ತುಂಬಿಸಿದರು. ನಾಲ್ಕನೆಯದರಲ್ಲಿ 'ತಪ್ಪಿನ ವಿವರ' ಎಂಬುದರ ಎದುರು ಬೆರಳು ನಿಂತಿತು. ಏನೆಂದು ಬರೆಯುವುದು? ಹದಿನೇಳು ವರ್ಷ 'ಬಾಗಿಲು ಹಾಕ್ದ್ಯಾ' ಎಂದು ಕೇಳಿದವರಿಗೆ ಕೊಟ್ಟ ಉತ್ತರವನ್ನು ಯಾವ ತಪ್ಪಿನ ಸಾಲಿಗೆ ಸೇರಿಸುವುದು?

ಕಿವಿಯಣ್ಣನಿಗೆ ಫೋನ್ ಮಾಡಿದರು. ಪುಸ್ತಕದ ಹೆಸರು ಹೇಳಿ, ಅದರಲ್ಲಿ ತನ್ನದೊಂದು ತಪ್ಪು ಉಳಿದಿದೆ ಎಂದರು. ಆಚೆ ಕಡೆ ಕಾಗದ ಸರಿಸುವ ಸದ್ದು.

"ಆ ಪುಸ್ತಕದ ಪಟ್ಟಿ ಇಲ್ಲೇ ಇದೆ. ಹನ್ನೊಂದು ತಪ್ಪು. ಹನ್ನೊಂದೂ ತಿದ್ದಿದ್ದೀರಿ."

"ಹನ್ನೆರಡನೇದು ಇದೆ ಅಣ್ಣಾ. ಆರನೇ ಅಧ್ಯಾಯದಲ್ಲಿ."

ಯಾವ ನಿಮಿಷವೆಂದು ಅವರು ಕೇಳಲಿಲ್ಲ. ಅಲ್ಲಿಗೆ ಇವರಿಗೆ ಒಂದು ಯೋಚನೆ ಬಂತು. ಗೋಡೆಯಾಚೆಯ ಹಕ್ಕಿಯನ್ನು ಹಿಡಿಯುವ ಕಿವಿ. ಹೊಟ್ಟೆಯ ಮಾತನ್ನು ಬರೆದಿಡುವ ಕಿವಿ. ನಾಲ್ಕು ಪದಗಳನ್ನು ಅದು ಬಿಟ್ಟೀತೇ?

"ನಿಮಗೆ ಕೇಳಿಸಿತ್ತು ಅಲ್ವಾ?"

"ಕೇಳಿಸಿತ್ತು. ರಾತ್ರಿ ಒಂದು ಗಂಟೆ. ಮೂರು ಸಲ ಹಿಂದಕ್ಕೆ ಹಾಕಿ ಕೇಳ್ದೆ."

"ಮತ್ತೆ ಪಟ್ಟೀಲಿ ಯಾಕೆ ಬರೀಲಿಲ್ಲ?"

ಕಿವಿಯಣ್ಣ ಗಂಟಲು ಸರಿಮಾಡಿಕೊಂಡರು. ಅವರ ದನಿಯಲ್ಲಿ ನಾಚಿಕೆ ಇತ್ತು ಎಂದು ಇವರು ಹೇಳುತ್ತಾರೆ. ದನಿಯ ವಿಷಯದಲ್ಲಿ ಇವರ ಮಾತನ್ನು ನಂಬಬಹುದು.

"ನಿದ್ದೆ ಬಂತು ಮೇಡಂ."

ಅಷ್ಟೇ. ಆಮೇಲೆ ಕಿವಿಯಣ್ಣ ಭೂಕಂಪದ ಮೂರನೆಯ ಅಧ್ಯಾಯ ಎಲ್ಲಿಗೆ ಬಂತೆಂದು ವಿಚಾರಿಸಿದರು. ನಾಳೆ ಕಳಿಸುತ್ತೇನೆ ಎಂದು ಇವರು ಫೋನ್ ಇಟ್ಟರು.

ಫಾರಂ ಇನ್ನೂ ತೆರೆದೇ ಇತ್ತು. ಮೂರು ಮನೆ ತುಂಬಿ, ನಾಲ್ಕನೆಯದು ಖಾಲಿ. ನೂರ ಅರವತ್ತಮೂರು ಪುಸ್ತಕಗಳಲ್ಲಿ ಎಲ್ಲೂ ಬೇಕೆಂದು ತನ್ನದೊಂದು ಮಾತನ್ನು ಉಳಿಸದವರು ಆ ಖಾಲಿ ಮನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಸರು, ಅಧ್ಯಾಯ, ನಿಮಿಷ ಮೂರನ್ನೂ ಅಳಿಸಿದರು. ಸಂಸ್ಥೆಗೆ ಹೇಳುವುದಿಲ್ಲ, ಪುಸ್ತಕ ಬರೆದವರಿಗೆ ಹೇಳುವುದಿಲ್ಲ, ನೋಟ್‌ಬುಕ್ಕಿನಲ್ಲೂ ಗುರುತು ಹಾಕುವುದಿಲ್ಲ. ಅದು ಯಾವ ಪುಸ್ತಕ ಎಂಬುದನ್ನು ಇನ್ನು ಯಾರೊಬ್ಬರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಫ್ರಿಜ್ ಆರಿಸಿ, ಬೀಗದ ಕೈಯನ್ನು ಅದರೊಳಗಿಟ್ಟು, ಕಪಾಟಿನ ಬಾಗಿಲು ಎಳೆದುಕೊಂಡರು.